ರಿಪೇರಿ ಬಟನ್ನಿಗೆ ಒಂದು ಬಹಿರಂಗ ಪತ್ರ

ಪರಮಪೂಜ್ಯ ರಿಪೇರಿ ಬಟನ್‌ನವರ ಸನ್ನಿಧಾನಕ್ಕೆ,

ನಮ್ಮೂರ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುವವನ ಸಾಷ್ಟಾಂಗ ನಮಸ್ಕಾರಗಳು. ತಾವು ಮಾಡಿದ ಉಪಕಾರ ಈ ಜನ್ಮದಲ್ಲಿ ಮರೆಯುವಂಥದ್ದಲ್ಲ. ಅದಕ್ಕೇ ಈ ಪತ್ರ.

ಬಟವಾಡೆಯ ಹಿಂದಿನ ಸಂಜೆ ಕರೆಂಟು ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು. ಕರೆಂಟು ಬಂದ ಮೇಲೆ ಹದಿನೈದು ದಿನದ ಲೆಕ್ಕವಿದ್ದ ಡೇಟಾಬೇಸ್ ಫೈಲು ತೆರೆಯಲೇ ಇಲ್ಲ. ಆಗ ತಾವು ಪರದೆಯ ಮೇಲೆ ಪ್ರತ್ಯಕ್ಷರಾದಿರಿ. ಭಕ್ತಿಯಿಂದ ಒತ್ತಿದೆ. ಎರಡೇ ನಿಮಿಷಕ್ಕೆ ‘ರಿಪೇರಿ ಯಶಸ್ವಿ’ ಎಂದು ಅಭಯ ಕೊಟ್ಟಿರಿ.

ಮೊತ್ತ ಯಾಕೋ ಕಮ್ಮಿ ಕಂಡಿತು. ಸದಸ್ಯರ ಕಾರ್ಡು ತರಿಸಿ ತಾಳೆ ನೋಡಿದೆ. ಒಂದೇ ಹಸು ಕಟ್ಟಿಕೊಂಡು ಬದುಕುವ ಅಜ್ಜಿಯೊಬ್ಬರ ಕಾರ್ಡಿನಲ್ಲಿ ‘ಸಂಜೆ 4.5 ಲೀಟರ್, ಫ್ಯಾಟ್ 4.1’ ಎಂದು ನನ್ನದೇ ಅಕ್ಷರ. ಹಾಲಿನ ಕೈ ತಾಗಿ ಶಾಯಿ ಹರಡಿತ್ತು. ಕಂಪ್ಯೂಟರಿನಲ್ಲಿ ಆ ಸಂಜೆಯೇ ಇರಲಿಲ್ಲ. ಓದಲು ಬಾರದ್ದನ್ನೆಲ್ಲ ಕಿತ್ತುಹಾಕಿ, ಹಳೆಯ ಫೈಲಿನ ಮೇಲೇ ಹೊಸದನ್ನು ಬರೆದು, ಇನ್ನು ಹುಡುಕುವ ಶ್ರಮವೂ ನನಗಿರದಂತೆ ಮಾಡಿದ್ದಿರಿ. ಎಂಥ ಕರುಣೆ ತಮ್ಮದು!

ಬೇರೆ ಡೇಟಾಬೇಸುಗಳಲ್ಲಿರುವ ತಮ್ಮ ಬಂಧುಗಳು ಲೆಕ್ಕ ಕಳೆದುಹೋಗಬಹುದೆಂದು ಮೊದಲೇ ಬಾಯಿಬಿಟ್ಟು ಹೇಳುತ್ತಾರೆ. ಎಸ್‌ಕ್ಯೂಎಲ್ ಸರ್ವರ್ ತನ್ನ ಕೊನೆಯ ಉಪಾಯಕ್ಕೆ ‘ರಿಪೇರಿ ಅಲೋ ಡೇಟಾ ಲಾಸ್’ ಎಂದೇ ಹೆಸರಿಟ್ಟಿದೆ. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿಗೆ ಬಲವಂತದ ರಿಕವರಿಯಲ್ಲಿ 1ರಿಂದ 6ರವರೆಗೆ ಮೆಟ್ಟಿಲು. 4 ಮತ್ತು ಅದರ ಮೇಲಿನವು ಫೈಲನ್ನು ಶಾಶ್ವತವಾಗಿ ಕೆಡಿಸಬಹುದೆಂದು ಕೈಪಿಡಿಯೇ ಎಚ್ಚರಿಸುತ್ತದೆ. ಎಸ್‌ಕ್ಯೂಲೈಟಿನ ‘ರಿಕವರ್’ ಆಜ್ಞೆಯಂತೂ ಕೆಟ್ಟ ಫೈಲನ್ನು ಓದಿ, ಸಿಕ್ಕಿದ್ದನ್ನು ಬೇರೊಂದು ಹೊಸ ಡೇಟಾಬೇಸಿಗೆ ಸಾಗಿಸಲು ಬಿಡುತ್ತದೆ. ಯಾವ ಟೇಬಲ್ಲಿನದೆಂದು ತಿಳಿಯದ ಸಾಲುಗಳನ್ನೂ ಎಸೆಯದೆ ‘ಲಾಸ್ಟ್ ಅಂಡ್ ಫೌಂಡ್’ ಎಂಬ ಟೇಬಲ್ಲಿನಲ್ಲಿ ಇಡುತ್ತದೆ. ಜಾತ್ರೆಯಲ್ಲಿ ಕಳೆದುಹೋದ ಮಗುವನ್ನು ಪೊಲೀಸ್ ಚೌಕಿಯಲ್ಲಿ ಕೂರಿಸಿದ ಹಾಗೆ. ಅಷ್ಟು ದಯೆ ಅಜ್ಜಿಯ ಆ ಸಂಜೆಗೂ ಸಿಗಬೇಕಿತ್ತು.

ಮರುದಿನ ತಾಲ್ಲೂಕಿನಿಂದ ಬಂದ ಕಂಪ್ಯೂಟರ್ ರಿಪೇರಿಯ ಹುಡುಗ ಕೂರುವ ಮೊದಲೇ ಕೇಳಿದ: “ರಿಪೇರಿ ಒತ್ತೋಕೆ ಮುಂಚೆ ಕಾಪಿ ಇಟ್ಕೊಂಡಿದ್ರಾ ಸಾರ್?” ನಾನು ತಲೆ ತಗ್ಗಿಸಿದೆ.

ಆದ್ದರಿಂದ ತಮ್ಮ ಪಾದಕ್ಕೆ ಬಿದ್ದು ಬೇಡುತ್ತೇನೆ. ಯಾರೇ ಒತ್ತಲಿ, ಮೊದಲು ಕೆಟ್ಟ ಫೈಲಿನ ನಕಲನ್ನು ಬೇರೆ ಡಿಸ್ಕಿಗೆ ತೆಗೆದಿಡಿ. ಪಕ್ಕದಲ್ಲಿರುವ ಜರ್ನಲ್, ವಾಲ್ ಫೈಲುಗಳನ್ನು ಕಸವೆಂದು ಅಳಿಸಬೇಡಿ. ಕೊನೆಯ ಗಳಿಗೆಯ ಲೆಕ್ಕ ಅಲ್ಲೇ ಕೂತಿರಬಹುದು. ಮೂಲವನ್ನು ಮುಟ್ಟದೆ ನಕಲಿನ ಮೇಲೆ ಕೆಲಸ ಮಾಡಿ. ‘ಯಶಸ್ವಿ’ ಅನ್ನುವ ಮುಂಚೆ ಎಷ್ಟು ಸಾಲು ಹೋಯಿತೆಂದು ದಯವಿಟ್ಟು ತಿಳಿಸಿ.

ಕಾರ್ಡುಗಳನ್ನು ನೋಡಿ ಅಷ್ಟೂ ಲೆಕ್ಕವನ್ನು ಮತ್ತೆ ಟೈಪು ಮಾಡಿದೆ. ಅಜ್ಜಿಗೆ ಹಾಲಿನ ದುಡ್ಡು ಎರಡು ದಿನ ತಡವಾಗಿ ಸೇರಿತು.

ಇಂತಿ ತಮ್ಮ ವಿಧೇಯ,
ಡೇರಿ ಲೆಕ್ಕದವನು