ಹಿಡಿ-ಬಿಡು ಮೀಮಾಂಸೆ: ದ್ವಿಚಕ್ರಧೈರ್ಯದ ಉಗಮ ಮತ್ತು ವಿಕಾಸ

ಮಂಗಳಾಚರಣೆ

ಬಲಗಾಲನ್ನು ಬ್ರೇಕಿನ ಮೇಲೂ ಎಡಗಾಲನ್ನು ಭೂದೇವಿಯ ಮೇಲೂ ಇಟ್ಟು, ಎರಡು ಹಿಡಿಕೆಗಳಲ್ಲಿ ಪ್ರಾಣ ಹಿಡಿದುಕೊಂಡು, ನಂಬರ್ ಪ್ಲೇಟಿನ ಪಕ್ಕದಲ್ಲಿ ಕೆಂಪು ‘ಎಲ್’ ಧರಿಸಿದ ಆ ಮೂರ್ತಿಗೆ ನಮೋ ನಮಃ. ಅಡುಗೆಗೆ ಸೂಪಶಾಸ್ತ್ರ, ಆನೆಗೆ ಗಜಶಾಸ್ತ್ರ, ಕುದುರೆಗೆ ಅಶ್ವಶಾಸ್ತ್ರ ಬರೆದಿಟ್ಟ ಪೂರ್ವಸೂರಿಗಳು ಮೋಟಾರ್‌ಸೈಕಲ್ಲಿನ ಬಗ್ಗೆ ಒಂದಕ್ಷರವನ್ನೂ ಬರೆಯದೆ ಹೋದರು. ಆಗ ಮೋಟಾರ್‌ಸೈಕಲ್ಲೇ ಇರಲಿಲ್ಲ ಎಂಬ ಸಮಜಾಯಿಷಿಯನ್ನು ನಾವು ಒಪ್ಪುವುದಿಲ್ಲ. ಈ ಕೊರತೆ ತುಂಬಲು ಪ್ರಸ್ತುತ ಸಂಶೋಧಕನು ಮೈಸೂರಿನ ದೊಡ್ಡಕೆರೆ ಮೈದಾನದಲ್ಲಿ ಕ್ಷೇತ್ರಕಾರ್ಯ ನಡೆಸಿದ್ದಾನೆ. ಸಂಗ್ರಹಿಸಿದ ಮಾಹಿತಿ ಇವತ್ತಿಗೂ ಅವನ ಎಡ ಮೊಣಕಾಲಿನ ಮೇಲೆ ಸುರಕ್ಷಿತವಾಗಿದೆ.

1. ಧಾತುವಿಚಾರ

ಮನುಷ್ಯನು ಬೈಕನ್ನು ಏನು ಮಾಡುತ್ತಾನೆ? ಈ ವಿಷಯದಲ್ಲಿ ಕನ್ನಡಿಗರಲ್ಲಿ ಒಮ್ಮತವಿಲ್ಲ. ಮೈಸೂರಿನವರು ಗಾಡಿ ‘ಓಡಿಸು’ತ್ತಾರೆ. ಧಾರವಾಡದ ಕಡೆಯವರು ‘ಹೊಡೆ’ಯುತ್ತಾರೆ. ಮಂಗಳೂರು, ಪುತ್ತೂರಿನವರು ‘ಬಿಡು’ತ್ತಾರೆ. ಇದನ್ನು ಪ್ರಾದೇಶಿಕ ಭೇದವೆಂದು ಭಾಷಾವಿಜ್ಞಾನಿಗಳು ಕೈತೊಳೆದುಕೊಂಡಿದ್ದಾರೆ. ನಮ್ಮ ಮತದಲ್ಲಿ ಇವು ಸವಾರನ ಧೈರ್ಯದ ಮೂರು ಅವಸ್ಥೆಗಳು.

ಓಡಿಸುವುದು ಪ್ರೇರಣಾರ್ಥಕ. ಗಾಡಿಗೆ ಓಡುವ ಮನಸ್ಸಿಲ್ಲ, ಸವಾರನಿಗೆ ಓಡಿಸುವ ಎದೆಯಿಲ್ಲ. ಹಿಂದೆ ನಿಂತು ಕೂಗುವ ಮಾವನ ಪ್ರೇರಣೆಯೊಂದರಿಂದಲೇ ಕ್ರಿಯೆ ಜರುಗುತ್ತದೆ. ಹೊಡೆಯುವುದು ಸಕರ್ಮಕ, ಎತ್ತಿನ ಬಂಡಿಯ ಕಾಲದಿಂದ ಬಂದದ್ದು. ಇಲ್ಲಿ ಕರ್ಮಪದ ಗಾಡಿಯೋ ಎದುರಿನ ಕಾಂಪೌಂಡೋ ಎಂಬುದು ಕ್ರಿಯೆ ಮುಗಿದ ಮೇಲೆಯೇ ತಿಳಿಯುತ್ತದೆ. ಬಿಡುವುದು ಸಿದ್ಧಾವಸ್ಥೆ. ಹೊಸಬ ಎಲ್ಲವನ್ನೂ ಹಿಡಿಯುತ್ತಾನೆ, ಪಳಗಿದವನು ಒಂದೊಂದಾಗಿ ಬಿಡುತ್ತಾನೆ. ಈ ಪ್ರಬಂಧದ ಪ್ರತಿಜ್ಞೆ ಇಷ್ಟೇ.

2. ಗುರುಯಂತ್ರವಿಚಾರ

ಗುರು, ಸಂಶೋಧಕನ ಸೋದರಮಾವ. ಪುತ್ತೂರಿನ ಕಡೆಯವರು, ಆದ್ದರಿಂದ ಹುಟ್ಟಿನಿಂದಲೇ ‘ಬಿಡು’ ಪಂಥದವರು. ಯಂತ್ರ, ಅವರ 250 ಸಿಸಿಯ ಯೆಜ್ಡಿ ರೋಡ್‌ಕಿಂಗ್. 1961ರಲ್ಲಿ ಜಾವಾ ಎಂಬ ನಾಮಧೇಯದಿಂದ ಮೈಸೂರಿನ ಕಾರ್ಖಾನೆಯಲ್ಲಿ ಶುರುವಾದ ಈ ವಂಶ ಮುಂದೆ ಯೆಜ್ಡಿ ಎನ್ನಿಸಿಕೊಂಡು 1996ರ ತನಕ ಬಾಳಿತು. ಇದರ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದು ಕಿಕ್ಕರ್ ಆಗುತ್ತದೆ. ಶ್ಲೇಷಾಲಂಕಾರವನ್ನು ಲೋಹದಲ್ಲಿ ಮಾಡಿಟ್ಟ ಇಂಥ ಇನ್ನೊಂದು ನಿದರ್ಶನ ನಮಗೆ ಸಿಕ್ಕಿಲ್ಲ. ಒಂದೇ ಪದದ ಎರಡನೆಯ ಅರ್ಥ ಹೊಳೆಯದ ಓದುಗನಂತೆ, ಶಿಷ್ಯನು ಮೊದಲ ದಿನ ಬಲಗಡೆ ಕಿಕ್ಕರ್ ಹುಡುಕುತ್ತಾ ಐದು ನಿಮಿಷ ಕಳೆದ.

ಪಕ್ಕದ ಮನೆಯಲ್ಲಿ ಧಾರವಾಡದವರ ಹಳೆಯ ಬುಲೆಟ್ ಇತ್ತು. ಅದರ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಒಂದರಲ್ಲಿ ಕಲಿತು ಇನ್ನೊಂದನ್ನು ಹತ್ತಿದವನು ಗೇರೆಂದು ಬ್ರೇಕನ್ನೂ ಬ್ರೇಕೆಂದು ಗೇರನ್ನೂ ತುಳಿಯುತ್ತಿದ್ದ. ಮತಾಂತರದ ಕಷ್ಟಗಳ ಬಗ್ಗೆ ಇಲ್ಲಿ ವಿಸ್ತರಿಸುವುದಿಲ್ಲ.

3. ಅರ್ಧಕ್ಲಚ್ ಪ್ರಕರಣ

“ಕ್ಲಚ್ ಹಿಡಿ,” ಅಂದರು ಮಾವ. ಶಿಷ್ಯ ಹಿಡಿದ. “ಫಸ್ಟ್ ಗೇರ್ ಹಾಕು.” ಹಾಕಿದ. “ಈಗ ಕ್ಲಚ್ ಬಿಡು.” ಬಿಟ್ಟ. ಗಾಡಿ ಕಪ್ಪೆಯ ಹಾಗೆ ಒಂದು ಸಲ ಕುಪ್ಪಳಿಸಿ ಆಫ್ ಆಯಿತು.

“ಬಿಡು ಅಂದ್ರೆ ಬಿಟ್ಟೇ ಬಿಡುವುದಾ ಮಾರಾಯ! ಬಿಡ್ತಾ ಬಿಡ್ತಾ ಹಿಡ್ಕೊಳ್ಬೇಕು.”

ಈ ವಾಕ್ಯಕ್ಕೆ ಭಾಷ್ಯ ಬರೆಯದೆ ಯಾರೂ ಸವಾರರಾಗಲಾರರು. ಕನ್ನಡದಲ್ಲಿ ‘ಬಿಡು’ ಬೇರೆ, ‘ಬಿಟ್ಟುಬಿಡು’ ಬೇರೆ. ಇವೆರಡರ ನಡುವಿನ ಅರ್ಧ ಅಂಗುಲದ ಅವಕಾಶಕ್ಕೆ ಲೋಕದಲ್ಲಿ ‘ಹಾಫ್ ಕ್ಲಚ್’ ಎಂದು ಹೆಸರು. ಅಲ್ಲಿ ಇಂಜಿನ್ನಿನ ಕಡೆಯ ಪ್ಲೇಟುಗಳೂ ಚಕ್ರದ ಕಡೆಯ ಪ್ಲೇಟುಗಳೂ ಒಂದನ್ನೊಂದು ಪೂರ್ತಿ ಅಪ್ಪಿಕೊಳ್ಳದೆ, ಪೂರ್ತಿ ದೂರವೂ ಇರದೆ, ಹೆಣ್ಣು ನೋಡುವ ಶಾಸ್ತ್ರದಲ್ಲಿ ಕೂತ ಎರಡು ಕುಟುಂಬಗಳಂತೆ ಜಾರುತ್ತಾ ಇರುತ್ತವೆ. ಹನ್ನೊಂದು ಕುಪ್ಪಳಿಕೆಗಳ ನಂತರ, ಲಿವರು ನೆಲ್ಲಿಕಾಯಿಯಷ್ಟು ಸರಿದಾಗ, ಇಂಜಿನ್ನಿನ ಶ್ರುತಿ ಕೊಂಚ ಇಳಿಯಿತು. ಗಾಡಿ ಮೂಗು ಚಾಚಿ ತುಸು ಮುಂದೆ ಬಾಗಿತು. “ಹಾಂ, ಅಲ್ಲೇ ನಿಲ್ಲಿಸು ಕೈ!” ಅಂದರು ಮಾವ. ಕೈ ನಿಂತಿತು, ಗಾಡಿ ಹೊರಟಿತು. ಧೈರ್ಯ ಹುಟ್ಟುವುದು ಎದೆಯಲ್ಲಿ ಎಂಬ ಕವಿಸಮಯವನ್ನು ಇನ್ನು ತಿದ್ದಬೇಕು. ಅದು ಎಡಗೈಯ ನಾಲ್ಕು ಬೆರಳಿನಲ್ಲಿ ಹುಟ್ಟುತ್ತದೆ.

4. ದೃಷ್ಟಿದೋಷ ಪ್ರಕರಣ

ಮೈದಾನ ವಿಶಾಲವಾಗಿತ್ತು. ಅದರ ಒಂದು ಮೂಲೆಯಲ್ಲಿ ಕ್ರಿಕೆಟ್ ಪಿಚ್ ಮೇಲೆ ಎಳೆಯುವ ಒಂದೇ ಒಂದು ರೋಲರ್ ಬಿದ್ದಿತ್ತು. ಉಳಿದ ಅಷ್ಟೂ ಜಾಗವನ್ನು ತಿರಸ್ಕರಿಸಿ ಶಿಷ್ಯನು ನೇರವಾಗಿ ಹೋಗಿ ಆ ರೋಲರಿಗೆ ಗುದ್ದಿದ. ಅದಕ್ಕೆ ಗುದ್ದಬಾರದೆಂದು ಅವನು ಅದನ್ನೇ ದಿಟ್ಟಿಸುತ್ತಿದ್ದ ಎಂಬುದು ತನಿಖೆಯಿಂದ ಹೊರಬಿತ್ತು. ಸೂತ್ರ: ಕಣ್ಣು ಎತ್ತಲೋ ಗಾಡಿ ಅತ್ತಲೇ. ಗುಂಡಿಯನ್ನು ನೋಡಿದವನು ಗುಂಡಿಗೆ, ಗುಂಡಿಯ ಪಕ್ಕದ ರಸ್ತೆಯನ್ನು ನೋಡಿದವನು ಮನೆಗೆ.

ಆದರೆ ತಿರುಗುವುದು ಹೇಗೆ? ವಿಮಾನ ಹಾರಿಸುವ ಮುನ್ನ ಸೈಕಲ್ ಮಾಡಿ ಮಾರುತ್ತಿದ್ದ ವಿಲ್ಬರ್ ರೈಟ್, ಎಡಕ್ಕೆ ಹೇಗೆ ತಿರುಗುತ್ತೀರಿ ಎಂದು ಹತ್ತಾರು ಸವಾರರನ್ನು ಕೇಳಿ ನೋಡಿದ. ಮೊದಲ ಸಲಕ್ಕೆ ಒಬ್ಬರೂ ಸರಿಯಾದ ಉತ್ತರ ಕೊಡಲಿಲ್ಲ. ವೇಗದಲ್ಲಿರುವ ಬೈಕನ್ನು ಎಡಕ್ಕೆ ಬಾಗಿಸಲು ಎಡಗಡೆಯ ಹಿಡಿಕೆಯನ್ನು ಮುಂದಕ್ಕೆ ಒತ್ತಬೇಕು, ಅಂದರೆ ಕ್ಷಣಕಾಲ ಚಕ್ರವನ್ನು ಬಲಕ್ಕೇ ತಿರುಗಿಸಬೇಕು. ಸವಾರರೆಲ್ಲ ದಿನವೂ ಹೀಗೇ ಮಾಡುತ್ತಾರೆ, ಮಾಡುತ್ತಿಲ್ಲವೆಂದು ಆಣೆಯಿಡುತ್ತಾರೆ. ಕೈ ಬಿಗಿ ಹಿಡಿದವನಿಗೆ ಈ ವಿದ್ಯೆ ಒಲಿಯುವುದಿಲ್ಲ. ಮೊಣಕಾಲುಗಳಿಂದ ಟ್ಯಾಂಕ್ ಹಿಡಿದು ಮೊಣಕೈ ಸಡಿಲ ಬಿಟ್ಟವನಿಗೆ ತಾನಾಗಿ ಬರುತ್ತದೆ.

ಇದಕ್ಕೆ ವಿಜ್ಞಾನದ ಬೆಂಬಲವೂ ಉಂಟು. ಸವಾರನಿಲ್ಲದ ಸೈಕಲ್ಲನ್ನು ತಕ್ಕ ವೇಗದಲ್ಲಿ ತಳ್ಳಿಬಿಟ್ಟರೆ ಅದು ಬೀಳದೆ ತಾನೇ ಸಂಭಾಳಿಸಿಕೊಂಡು ಹೋಗುತ್ತದೆ. ಚಕ್ರ ಬುಗುರಿಯಂತೆ ತಿರುಗುವುದೇ ಇದಕ್ಕೆ ಕಾರಣವೆಂದು ಬಹುಕಾಲ ನಂಬಿದ್ದರು. ಆ ಪರಿಣಾಮವನ್ನು ಇಲ್ಲವಾಗಿಸಿದರೂ ಸೈಕಲ್ ನಿಲ್ಲಬಲ್ಲದೆಂದು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ನಾವು ತೆಗೆಯುವ ತಾತ್ಪರ್ಯ: ಗಾಡಿಗೆ ಬೀಳುವ ಉದ್ದೇಶವಿಲ್ಲ. ಆ ಯೋಜನೆ ಮೇಲೆ ಕೂತವನದು.

5. ಬ್ರೇಕ್ ವಾದ

ಪೂರ್ವಪಕ್ಷ: “ಮುಂದಿನ ಬ್ರೇಕ್ ಮುಟ್ಟಿದರೆ ಪಲ್ಟಿ.” ಇದು ಕಟ್ಟೆಯ ಮೇಲೆ ಕೂತ ಹಿರಿಯರ ಮತ, ಇದರಲ್ಲಿ ನಮ್ಮ ಗುರುಗಳೂ ಸೇರಿದ್ದರು ಎಂದು ವಿಷಾದದಿಂದ ದಾಖಲಿಸುತ್ತೇವೆ.

ಸಿದ್ಧಾಂತ: ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಸಿಟಿ ಬಸ್ಸಿನಲ್ಲಿ ನಿಂತವರೆಲ್ಲ ಡ್ರೈವರ್ ಕಡೆಗೆ ಮುಗ್ಗರಿಸುವುದು ಇದಕ್ಕೆ ಪ್ರತ್ಯಕ್ಷ ಪ್ರಮಾಣ. ಭಾರ ಬಿದ್ದ ಮುಂಚಕ್ರ ನೆಲವನ್ನು ಗಟ್ಟಿಯಾಗಿ ಕಚ್ಚುತ್ತದೆ, ಹಗುರಾದ ಹಿಂಚಕ್ರ ಜಾರುತ್ತದೆ. ಆದ್ದರಿಂದ ಒಣ ರಸ್ತೆಯಲ್ಲಿ ಗಾಡಿ ನಿಲ್ಲಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಮುಂದಿನದೇ. ಎರಡನ್ನೂ ಹಿಡಿಯಬೇಕು, ಆದರೆ ನಿಂಬೆಹಣ್ಣು ಹಿಂಡುವಂತೆ ಮೆಲ್ಲಗೆ. ಮರಳು, ಜಲ್ಲಿ ಬಿದ್ದಲ್ಲಿ ಮತ್ತು ಹ್ಯಾಂಡಲ್ ತಿರುಗಿದ್ದಾಗ ಮಾತ್ರ ಪೂರ್ವಪಕ್ಷದ ಹಿರಿಯರಿಗೆ ಅರ್ಧ ಅಂಕ ಕೊಡಬಹುದು.

6. ಅಷ್ಟಭಾವ ಪ್ರಕರಣ

ಕಲಿಯುವವರಿಗೆ ಕೊಡುವ ಎಲ್ಲೆಲ್ಲಾರ್ ಎಂಬ ಚೀಟಿ ಆರು ತಿಂಗಳು ಬಾಳುತ್ತದೆ. ಅದು ಕೈಸೇರಿ 30 ದಿನ ಕಳೆದ ಮೇಲೆ ಸಾರಿಗೆ ಕಚೇರಿಯಲ್ಲಿ ಲೈಸೆನ್ಸ್ ಪರೀಕ್ಷೆಯ ‘8’ ಹಾಕಬಹುದು. ಕನ್ನಡದ ೮ ಆಗಿದ್ದರೆ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳಬಹುದಿತ್ತು. ಇಂಗ್ಲಿಷಿನ 8ಕ್ಕೆ ಬಾಗಿಲೇ ಇಲ್ಲ. ನಾಟ್ಯಶಾಸ್ತ್ರದಲ್ಲಿ ಭರತನು ಸಾತ್ವಿಕ ಭಾವಗಳೂ ಎಂಟೇ ಎಂದಿರುವುದು ಕಾಕತಾಳೀಯವಾಗಿರಲಾರದು.

ಸ್ತಂಭ: ಹೆಸರು ಕೂಗಿದಾಗ ಕಾಲು ಕಲ್ಲಾಯಿತು. ಸ್ವೇದ: ಹಿಡಿಕೆಗಳು ಒದ್ದೆಯಾದವು. ರೋಮಾಂಚ: ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು. ಸ್ವರಭೇದ: “ರೆಡಿ ಸಾರ್” ಎಂಬುದು ತಾರಸ್ಥಾಯಿಯಲ್ಲಿ ಹೊರಟಿತು. ವೇಪಥು: ನಡುಕದಲ್ಲಿ ಅರ್ಧ ಇಂಜಿನ್ನಿನದು, ಅರ್ಧ ಸ್ವಂತದ್ದು. ವೈವರ್ಣ್ಯ: ಕನ್ನಡಿಯಲ್ಲಿ ಕಂಡದ್ದು ಬೇರೆ ಯಾರದೋ ಮುಖ. ಅಶ್ರು: ಪೆಟ್ರೋಲಿಗೆ ಬೆರೆಸಿದ ಆಯಿಲಿನ ಹೊಗೆ. ಎಂಟನೆಯದಾದ ಪ್ರಳಯವೆಂದರೆ ಕಾಲು ಊರುವುದು, ಅಂದರೆ ಫೇಲು. ಹಾಫ್ ಕ್ಲಚ್ಚಿನಲ್ಲಿ ಕೈ, ಹಿಂದಿನ ಬ್ರೇಕಿನ ಮೇಲೆ ಹಗುರಾಗಿ ಕಾಲು, ಮುಂದಿನ ತಿರುವಿನ ಮೇಲೆ ಕಣ್ಣು ಇಟ್ಟು, ಶಿಷ್ಯನು ಏಳು ಭಾವಗಳನ್ನು ಅಭಿನಯಿಸಿ ಎಂಟನೆಯದಕ್ಕೆ ಮೊದಲೇ ಗೆರೆ ದಾಟಿದ.

7. ಹೊಡೆಯುವ ಅವಸ್ಥೆ

ಲೈಸೆನ್ಸ್ ಬಂದ ಮೂರನೆಯ ತಿಂಗಳಿಗೆ ಈ ಅವಸ್ಥೆ ಬರುತ್ತದೆ. ಲಕ್ಷಣಗಳು: ಹೆಲ್ಮೆಟ್ಟು ತಲೆಯಿಂದ ಇಳಿದು ಮೊಣಕೈಗೆ ಬರುವುದು, ಬಸ್ಸಿನ ಎಡಗಡೆಯಿಂದ ನುಗ್ಗುವುದು, “ಗಾಡಿ ನನ್ನ ಕೈಯಲ್ಲಿದೆ” ಎನ್ನುವುದು. ಅರವತ್ತರ ವೇಗದಲ್ಲಿ “ಅಯ್ಯೋ” ಎಂದುಕೊಳ್ಳುವ ಒಂದು ಸೆಕೆಂಡಿನಲ್ಲೇ ಗಾಡಿ ಸುಮಾರು 17 ಮೀಟರ್ ಕ್ರಮಿಸಿರುತ್ತದೆ. ಕ್ರಿಕೆಟ್ ಪಿಚ್ಚಿನ ಉದ್ದ 20 ಮೀಟರ್. ಅಂದರೆ ಬ್ರೇಕ್ ನೆನಪಾಗುವಷ್ಟರಲ್ಲಿ ನಾವು ಬೌಲರನ ಕಡೆಯಿಂದ ಹೊರಟು ಬ್ಯಾಟ್ಸ್‌ಮನ್ನನನ್ನು ಸಮೀಪಿಸಿರುತ್ತೇವೆ. ಈ ಲೆಕ್ಕವನ್ನು ಸಂಶೋಧಕನು ಒಂದು ತಿರುವಿನಲ್ಲಿ, ಯಾರೋ ಮನೆ ಕಟ್ಟಿಸಲು ಸುರಿದಿದ್ದ ಮರಳಿನ ಮೇಲೆ ಕೂತು ಮಾಡಿದ.

ಅಂದಿನಿಂದ ಭಯ ತಿರುಗಿ ಬಂತು, ಆದರೆ ವಿಳಾಸ ಬದಲಾಗಿತ್ತು. ಮೊದಲು ಅದು ಕೈಯಲ್ಲಿ ಮನೆ ಮಾಡಿ ಹಿಡಿಕೆಗಳನ್ನು ಹಿಂಡುತ್ತಿತ್ತು. ಈಗ ಕಣ್ಣಿಗೆ ಬಂದು ಕೂತು ಮರಳು, ಹಂಪು, ನಿಂತ ಕಾರಿನ ಬಾಗಿಲು, ಚೆಂಡಿನ ಹಿಂದೆ ಓಡಿಬರಬಹುದಾದ ಹುಡುಗ, ಇಷ್ಟನ್ನೂ ಮುಂಚೆಯೇ ಹುಡುಕತೊಡಗಿತು. ಕೈಯಿಂದ ಬಿಟ್ಟ ಭಯವನ್ನು ಕಣ್ಣು ಹಿಡಿದುಕೊಂಡರೆ ಅದಕ್ಕೇ ಧೈರ್ಯವೆಂದು ಹೆಸರು.

8. ಪ್ರಮಾಣವಿಚಾರ

ಧೈರ್ಯ ಬಂದಿದೆ ಎಂಬುದಕ್ಕೆ ಪ್ರಮಾಣವೇನು? ಲೈಸೆನ್ಸ್ ಪ್ರಮಾಣವಲ್ಲ, ಅದು ಅಂದಿನ ಬೆಳಗಿಗೆ ಮಾತ್ರ ಸಾಕ್ಷಿ. ಸವಾರನ ಮಾತು ಪ್ರಮಾಣವಲ್ಲ, ಏಳನೆಯ ಪ್ರಕರಣ ನೋಡಿ. ಹಿಂದೆ ಕೂತವರೇ ಪರಮ ಪ್ರಮಾಣ.

ಒಂದು ಆಷಾಢ ಶುಕ್ರವಾರ ಕಳೆದ ಭಾನುವಾರ, ಜನ ಕಡಿಮೆ ಇರುತ್ತಾರೆಂದು, ಸಂಶೋಧಕನು ತಾಯಿಯನ್ನು ಚಾಮುಂಡಿ ಬೆಟ್ಟಕ್ಕೆ ಕರೆದೊಯ್ದ. ಮಡಿಲಲ್ಲಿ ಹಣ್ಣುಕಾಯಿ ಬುಟ್ಟಿ ಇಟ್ಟುಕೊಂಡು, ಒಂದೇ ಕಡೆ ಕಾಲು ಹಾಕಿ ಅವರು ಕೂತಿದ್ದರು. ಬಲಗೈ ಮಗನ ಭುಜದ ಮೇಲಿತ್ತು. ಅದರ ಐದೂ ಉಗುರು ಶರ್ಟು ದಾಟಿ ಒಳಗಿದ್ದವು. “ನಿಧಾನ ಬಿಡು ಮಗಾ,” ಎಂದು ಪ್ರತಿ ತಿರುವಿಗೂ ಹೇಳುತ್ತಿದ್ದರು. ಅವರೂ ಪುತ್ತೂರಿನವರೇ ತಾನೆ. ಸುಮಾರು ಅರ್ಧ ಬೆಟ್ಟ ಏರಿದ ಮೇಲೆ ಒಂದು ತಿರುವಿನಲ್ಲಿ ಭುಜ ಹಗುರಾಯಿತು. ಕೈ ಅಲ್ಲಿರಲಿಲ್ಲ.

“ಅಗೋ, ಲಲಿತಮಹಲ್ ಎಷ್ಟು ಚಂದ ಕಾಣ್ತದೆ ನೋಡು!”

ನಾಲ್ಕನೆಯ ಪ್ರಕರಣದ ಸೂತ್ರ ನೆನಪಿದ್ದ ಕಾರಣ ಮಗ ತಿರುವಿನಿಂದ ಕಣ್ಣು ತೆಗೆಯಲಿಲ್ಲ.

“ಕಂಡಿತಾ?”

“ಕಂಡಿತಮ್ಮ,” ಎಂದು ಸುಳ್ಳು ಹೇಳಿದ. ಬೆಟ್ಟದ ಮೇಲೆ ಹೋಗಿ ಗಾಡಿ ನಿಲ್ಲಿಸುವ ತನಕ ಆ ಕೈ ಭುಜಕ್ಕೆ ತಿರುಗಿ ಬರಲಿಲ್ಲ.