ಡಿಜಿಟಲ್ ತಕ್ಕಡಿ

ಬೆಂಗಳೂರಿನ ಲಿಂಗರಾಜಪುರದ ಫ್ಲೈಓವರ್ ಹತ್ತಿರ ಒಂದು ಗುಜರಿ ಅಂಗಡಿ. ಖಾಲಿ ಬಾಟಲಿ, ತಳ ಸುಟ್ಟ ಕುಕ್ಕರು, ಹಲ್ಲುದುರಿದ ಕೀಬೋರ್ಡು, ಸುತಳಿ ಬಿಗಿದ ಹಳೇ ಪೇಪರಿನ ಕಟ್ಟುಗಳು. ಇವೆಲ್ಲದರ ನಡುವೆ, ತಕ್ಕಡಿಯ ತಟ್ಟೆಯ ಮೇಲೆ, ಸಂದರ್ಶನಕ್ಕೆಂದೇ ಬಂದು ಕೂತಂತೆ ಒಂದು ಕನ್ನಡ ಕಾದಂಬರಿ. ಮೊದಲ ಮುದ್ರಣ 1998. ಎರಡನೆಯದು ಆಗಲಿಲ್ಲ. ‘ಮುದ್ರಿತ ಪುಸ್ತಕ ಉಳಿದೀತೇ?’ ಎಂಬ ವಿಚಾರ ಸಂಕಿರಣಗಳಲ್ಲಿ ಲೇಖಕರು, ಪ್ರಕಾಶಕರು, ಕುಲಪತಿಗಳು, ಊಟದ ಹೊತ್ತಿಗೆ ಬಂದವರು ಎಲ್ಲರೂ ಮಾತಾಡಿಯಾಗಿದೆ. ಪುಸ್ತಕವನ್ನು ಮಾತ್ರ ಯಾರೂ ಕೇಳಿರಲಿಲ್ಲ. ಮಾಲೀಕರು ಟೀ ಕುಡಿಯಲು ಹೋಗಿದ್ದರಿಂದ ಬಿಡುವು ಸಿಕ್ಕಿತು.

ಪ್ರಶ್ನೆ: ನಮಸ್ಕಾರ. ತಮ್ಮ ಹೆಸರು?

ಪುಸ್ತಕ: ಹೆಸರು ಬೇಡ ಸ್ವಾಮಿ. ಬರೆದವರು ಇನ್ನೂ ಇದ್ದಾರೆ, ನೊಂದುಕೊಳ್ತಾರೆ. ಬಿಡುಗಡೆಯ ದಿನ ‘ಆತ್ಮೀಯರಾದ ಇಂಥವರಿಗೆ, ವಿಶ್ವಾಸದಿಂದ’ ಅಂತ ಸಹಿ ಹಾಕಿ ನನ್ನನ್ನ ಒಬ್ಬರಿಗೆ ಕೊಟ್ಟರು. ಆ ಆತ್ಮೀಯರು ಬಹಳ ಸಭ್ಯಸ್ಥರು. ಗುಜರಿಗೆ ಹಾಕೋ ಮುಂಚೆ ಸಹಿ ಇದ್ದ ಹಾಳೆಯನ್ನ ನೀಟಾಗಿ ಹರಿದುಕೊಂಡರು. ಇಷ್ಟು ವರ್ಷದಲ್ಲಿ ಅವರು ನನ್ನಲ್ಲಿ ಮುಟ್ಟಿದ್ದು ಅದೊಂದೇ ಹಾಳೆ.

ಪ್ರಶ್ನೆ: ಮೊಬೈಲು, ಕಿಂಡಲ್ಲು ಬಂದು ತಮಗೆ ಈ ಗತಿ ಆಯಿತು ಎಂದು ಜನ ಮರುಗುತ್ತಿದ್ದಾರೆ.

ಪುಸ್ತಕ: ಡಿಜಿಟಲ್‌ನಿಂದ ನನಗೆ ನೇರವಾಗಿ ಆದ ತೊಂದರೆ ಒಂದೇ. ಈ ತಕ್ಕಡಿ ಡಿಜಿಟಲ್ ಆಗಿದೆ. ಕಬ್ಬಿಣದ ಬಟ್ಟು ಇದ್ದ ಕಾಲದಲ್ಲಿ ನನ್ನ ಜೊತೆ ಇನ್ನೆರಡು ಪುಸ್ತಕ ಹಾಕಿ, ‘ಹ್ಞಾ, ಒಂದು ಕೇಜಿ’ ಅಂತಿದ್ದರು. ಗುಂಪಿನಲ್ಲಿ ಗೋವಿಂದ. ಈಗ ನನ್ನೊಬ್ಬನದೇ ತೂಕ, ಗ್ರಾಮ್ ಲೆಕ್ಕದಲ್ಲಿ, ಕೆಂಪು ಅಂಕಿಯಲ್ಲಿ ರಸ್ತೆಗೆಲ್ಲ ಕಾಣೋ ಹಾಗೆ ತೋರಿಸ್ತದೆ.

ಇನ್ನು ಕಿಂಡಲ್. ಕೊಲೆ ಆಪಾದನೆ ಹೊರಿಸೋ ಮುಂಚೆ ಆರೋಪಿ ಆ ಹೊತ್ತು ಊರಲ್ಲಿ ಇದ್ದನಾ ಅಂತ ನೋಡಬೇಕಲ್ಲ? 2016ರ ಡಿಸೆಂಬರಿನಲ್ಲಿ ಅಮೆಜಾನ್‌ನವರು ಕಿಂಡಲ್‌ಗೆ ಭಾರತದ ಐದು ಭಾಷೆಗಳ ಪುಸ್ತಕ ತಂದರು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ. ಕನ್ನಡ ಇರಲಿಲ್ಲ. ನನ್ನ ಕೊಲೆಗಾರನಿಗೆ ನನ್ನ ಭಾಷೆಯೇ ಬರ್ತಿರಲಿಲ್ಲ ಅಂದ್ರೆ ಯಾವ ಕೋರ್ಟು ಒಪ್ತದೆ? ಆ ಲೆಕ್ಕದಲ್ಲಿ ಈ ಏರಿಯಾದಲ್ಲಿ ತಮಿಳು ಪುಸ್ತಕ ಸತ್ತು ಕನ್ನಡದ್ದು ಬದುಕಬೇಕಿತ್ತು. ಬಗ್ಗಿ ನೋಡಿ, ಎರಡೂ ಒಂದೇ ಮೂಟೆಯಲ್ಲಿವೆ.

ಪ್ರಶ್ನೆ: ಹಾಗಾದರೆ ಕೊಂದವರು ಯಾರು?

ಪುಸ್ತಕ: ಟೀವಿ ಯೂನಿಟ್ಟು. ನಮ್ಮ ಯಜಮಾನರು ಹೆಣ್ಣೂರು ರಸ್ತೆ ಕಡೆ ಹೊಸ ಫ್ಲ್ಯಾಟ್ ತಗೊಂಡರು. ಇಂಟೀರಿಯರ್ ಹುಡುಗ ಬಂದು ಲ್ಯಾಪ್‌ಟಾಪಿನಲ್ಲಿ ಮನೆಯನ್ನ ಗಿರಗಿರನೆ ತಿರುಗಿಸಿ ತೋರಿಸಿದ. ದೇವರ ಗೂಡು, ಶೂ ರ‍್ಯಾಕು, ಕ್ರಾಕರಿ ಯೂನಿಟ್ಟು, ನಾಯಿ ಮಲಗೋಕೆ ಒಂದು ಮೂಲೆ. ಮನೆಯ ಅಜ್ಜಿ, ‘ಪುಸ್ತಕ ಎಲ್ಲಿಡೋದಪ್ಪಾ?’ ಅಂದರು. ‘ಎರಡು ಮೂರು ಇಡಬಹುದು ಆಂಟಿ, ಕವರ್ ಬಿಳಿ ಇದ್ದರೆ ಗೋಡೆಗೆ ಮ್ಯಾಚ್ ಆಗ್ತದೆ’ ಅಂದ. ನಂದು ಕಡುಗೆಂಪು ರಕ್ಷಾಪುಟ.

(ಮಾಲೀಕರು ಟೀ ಮುಗಿಸಿ ಬಂದರು. ‘ಏನ್ ಸಾರ್, ಬುಕ್ ನೋಡ್ತಿದೀರಾ? ಬುಕ್ಕಿಗೆ ರೇಟಿಲ್ಲ ಸಾರ್. ಪೇಪರಿಗೇ ಜಾಸ್ತಿ. ಅದ್ರಲ್ಲೂ ಇಂಗ್ಲಿಷ್ ಪೇಪರ್ ಆದ್ರೆ ಒಂದೆರಡು ರೂಪಾಯಿ ಮೇಲೆ’ ಎಂದವರೇ ಲಾರಿಯವನಿಗೆ ಫೋನ್ ಮಾಡಲು ಆಚೆ ಹೋದರು.)

ಪುಸ್ತಕ: ಕೇಳಿದಿರಲ್ಲ? ಚಿರಂತನ ಸಾಹಿತ್ಯಕ್ಕಿಂತ ಮೊನ್ನೆಯ ಸುದ್ದಿಗೆ ಬೆಲೆ ಹೆಚ್ಚು. ಇಂಗ್ಲಿಷ್ ಮೀಡಿಯಮ್ಮಿನ ಅನುಕೂಲ ಗುಜರಿಯವರೆಗೂ ಕಾಪಾಡ್ತದೆ.

ಪ್ರಶ್ನೆ: ಗ್ರಂಥಾಲಯಗಳಲ್ಲಿರುವ ತಮ್ಮ ಬಂಧುಗಳಾದರೂ ಸುಖವಾಗಿರಬೇಕು.

ಪುಸ್ತಕ: ನಾವು ಸಾವಿರ ಜನ ಅಣ್ಣತಮ್ಮಂದಿರು, ಒಂದೇ ದಿನ ಅಚ್ಚಾದವರು. ಸಗಟು ಖರೀದಿ ಅಂತ ಒಂದಿದೆ, ಕೇಳಿರ್ತೀರಿ. ಸರ್ಕಾರದ ಆಯ್ಕೆ ಸಮಿತಿ ಒಪ್ಪಿದರೆ ಗ್ರಂಥಾಲಯ ಇಲಾಖೆ 300 ಪ್ರತಿ ಕೊಳ್ತದೆ. ಪುಟಕ್ಕೆ ಇಷ್ಟು ಪೈಸೆ ಅಂತ ದರ. ಮಹಾಕಾವ್ಯಕ್ಕೂ ಸಕ್ಕರೆ ಕಾಯಿಲೆಯ ಪಥ್ಯದ ಪುಸ್ತಕಕ್ಕೂ ಪುಟದ ಲೆಕ್ಕವೇ. ಅದಕ್ಕೇ ಕೆಲವರು ಅಕ್ಷರ ದಪ್ಪ ಮಾಡ್ತಾರೆ, ಅಂಚು ಅಗಲ ಬಿಡ್ತಾರೆ, ಅಧ್ಯಾಯಕ್ಕೊಂದು ಖಾಲಿ ಹಾಳೆ ಸೇರಿಸ್ತಾರೆ. ವಿಮರ್ಶಕರು ಅದನ್ನ ‘ಕೃತಿಯೊಳಗಿನ ಮೌನ’ ಅಂತಾರೆ. ದುಡ್ಡು ಕೈಗೆ ಬರೋ ಹೊತ್ತಿಗೆ ಯಾವ ಪುಸ್ತಕ ಕೊಟ್ಟಿದ್ವಿ ಅನ್ನೋದೇ ಪ್ರಕಾಶಕರಿಗೆ ಮರೆತಿರ್ತದೆ.

ನಿಮ್ಮದು ಸ್ವಂತ ಮನೆಯಾ? ಹಾಗಿದ್ದರೆ ನೀವೂ ನನಗೆ ಕಾಣಿಕೆ ಕೊಡ್ತಿದೀರಿ, ನಿಮಗೆ ಗೊತ್ತಿಲ್ಲ ಅಷ್ಟೆ. 1965ರ ಗ್ರಂಥಾಲಯ ಕಾಯ್ದೆ ಇದೆಯಲ್ಲ, ಅದರ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ. 6 ಗ್ರಂಥಾಲಯ ಕರ. ವಸೂಲಿ ಮಾಡೋದು ಪಾಲಿಕೆ, ದಾಟಿಸಬೇಕಾದ್ದು ಇಲಾಖೆಗೆ. ದಾಟೋದೇ ಕಷ್ಟ. ನೂರಾರು ಕೋಟಿ ಬಾಕಿ ಅಂತ ಪತ್ರದ ಮೇಲೆ ಪತ್ರ ಹೋಗ್ತಾನೇ ಇದೆ. ಕನ್ನಡದಲ್ಲಿ ಅತಿ ಹೆಚ್ಚು ಮರುಮುದ್ರಣ ಕಂಡ ಕೃತಿ ಆ ಪತ್ರವೇ ಇರಬೇಕು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಐದು ಹೋಳಾಯಿತು. ಇನ್ನು ಬಾಕಿ ಯಾವ ತಮ್ಮನ ಪಾಲಿಗೆ ಬಂತು ಅಂತ ಐದು ಬಾಗಿಲಲ್ಲಿ ವಿಚಾರಿಸಬೇಕು.

ಹಲಸೂರು ಕೆರೆ ಹತ್ತಿರದ ತಿರುವಳ್ಳುವರ್ ವಿಗ್ರಹ ನೋಡಿದೀರಲ್ಲ? 1991ರಿಂದ 2009ರ ಆಗಸ್ಟ್‌ವರೆಗೆ ಮುಸುಕು ಹಾಕಿಕೊಂಡೇ ನಿಂತಿತ್ತು. ನನ್ನ ತಮ್ಮಂದಿರು ಕೆಲವರು ಗ್ರಂಥಾಲಯದ ಕೋಣೆಯಲ್ಲಿ ಕಟ್ಟು ಬಿಚ್ಚದೆ ಅದಕ್ಕಿಂತ ಹೆಚ್ಚು ಕಾಲ ಕೂತಿದ್ದಾರೆ. ವಳ್ಳುವರ್‌ಗೆ ಇಬ್ಬರು ಮುಖ್ಯಮಂತ್ರಿಗಳು ಬಂದು ಅನಾವರಣ ಮಾಡಿದರು. ನಮಗೆ ಒಬ್ಬ ಅಟೆಂಡರ್ ಬಂದು ಕತ್ತರಿ ಹಾಕಿದ್ದರೆ ಸಾಕಿತ್ತು.

ಪ್ರಶ್ನೆ: ಪುಸ್ತಕ ಎಂದರೆ ಸರಸ್ವತಿ, ಅದಕ್ಕೆ ಅಳಿವಿಲ್ಲ ಎನ್ನುವವರೂ ಇದ್ದಾರಲ್ಲ?

ಪುಸ್ತಕ: ಕಾಲು ತಾಕಿದರೆ ಕಣ್ಣಿಗೊತ್ತಿಕೊಳ್ತಾರೆ, ಅಷ್ಟೆ. ಕೈ ತಾಕಿಸೋದಿಲ್ಲ. ನೋಡಿ, ಲಿಂಗರಾಜಪುರ ಇರೋದು ಸರ್ವಜ್ಞನಗರ ವಿಧಾನಸಭಾ ಕ್ಷೇತ್ರದಲ್ಲಿ. ಆ ಸರ್ವಜ್ಞ ಅಚ್ಚಿನ ಮನೆ ಕಂಡವನೇ ಅಲ್ಲ. ತ್ರಿಪದಿಗಳು ಜನರ ಬಾಯಲ್ಲಿ, ಹಳೇ ಓಲೆಗರಿಗಳಲ್ಲಿ ಚದುರಿಹೋಗಿದ್ದವು. ರೆವರೆಂಡ್ ಉತ್ತಂಗಿ ಚೆನ್ನಪ್ಪನವರು ಹುಡುಕಿ ಹುಡುಕಿ ಕೂಡಿಹಾಕಿ 1924ರಲ್ಲಿ ಅಚ್ಚು ಹಾಕಿಸಿದರು. ಅಲ್ಲಿ ನನ್ನ ಕುಲದ ಉಪಕಾರ ಉಂಟು, ಬಚ್ಚಿಡೋದಿಲ್ಲ. ಆದರೆ ನನಗಿಂತ ಗಟ್ಟಿಯವರೂ ಏನಾದರು? ಹೆಬ್ಬಾಳದ ಕಿತ್ತಯ್ಯನ ಶಾಸನದ ಕಲ್ಲು, ಸುಮಾರು ಕ್ರಿ.ಶ. 750ರದು, 2018ರಲ್ಲಿ ಚರಂಡಿ ಅಗೆಯೋವಾಗ ಸಿಕ್ಕಿತು. ಅಂಥಾ ಬಂಡೆಯ ಮೇಲಿನ ಅಕ್ಷರ ಉಳಿಸೋಕೇ ಮೂರು ಆಯಾಮದ ಸ್ಕ್ಯಾನ್ ಮಾಡಿಟ್ಟರು. ಕಲ್ಲಿಗೇ ಕಂಪ್ಯೂಟರ್ ಬೇಕಾದಾಗ ಕಾಗದಕ್ಕೇನು ಬಿಗುಮಾನ?

ವಿ. ಕೃಷ್ಣ ಅಂತ ಒಬ್ಬರು. ನಾಲ್ಕು ದಶಕ ಕೂತು ಒಂದೂವರೆ ಲಕ್ಷ ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಕಟ್ಟಿದರು. ಅದನ್ನ ಜನರ ಕೈಗಿಟ್ಟದ್ದು ನಾನಲ್ಲ, ‘ಅಲರ್’ ಅನ್ನೋ ಜಾಲತಾಣ, ಅದೂ ಬಿಟ್ಟಿಯಾಗಿ. ಅಷ್ಟನ್ನ ಹೊರಬೇಕಾದರೆ ನಾನು ಸಂಪುಟ ಸಂಪುಟವಾಗಿ ಬರಬೇಕು, ಅದಕ್ಕೊಂದು ಕಪಾಟು ಬೇಕು. ಕಪಾಟಿನ ಕತೆ ಆಗಲೇ ಹೇಳಿದೆ.

ಪ್ರಶ್ನೆ: ಅಂದರೆ ತಾವು ಡಿಜಿಟಲ್ ಪಕ್ಷಕ್ಕೆ ಹಾರಿದಿರಿ.

ಪುಸ್ತಕ: ಹಾರೋಕೆ ನಾನೇನು ಶಾಸಕನಾ? ನಾನು ಹುಟ್ಟಿದ್ದೇ ಕಂಪ್ಯೂಟರಿನ ಹೊಟ್ಟೆಯಲ್ಲಿ. ಶಿವಾಜಿನಗರದ ಒಂದು ಡಿಟಿಪಿ ಅಂಗಡಿ, ಪೇಜ್‌ಮೇಕರ್, ಆ ಕಾಲದ ಕನ್ನಡ ಫಾಂಟು. ಯೂನಿಕೋಡ್ ಅನ್ನೋ ಹೆಸರು ಆ ಬೀದಿಗೆ ಬಂದಿರಲಿಲ್ಲ. ಮೊನ್ನೆ ಪ್ರಕಾಶಕರ ಮಗ ನನ್ನನ್ನ ಇ-ಬುಕ್ ಮಾಡ್ತೀನಿ ಅಂತ ಹಳೇ ಸೀಡಿ ಹುಡುಕಿ ತೆಗೆದನಂತೆ. ತೆರೆದರೆ, ನಾಯಕಿ ನಾಯಕನಿಗೆ ಮನಸ್ಸು ಬಿಚ್ಚಿ ಹೇಳೋ ಅಧ್ಯಾಯ ಪೂರ್ತಿ ಡಾಲರ್ ಗುರುತು, ಬ್ರಾಕೆಟ್ಟು, ಆಶ್ಚರ್ಯಸೂಚಕ. ನಾಯಕಿ ದುಡ್ಡಿನ ವಿಷಯ ಮಾತಾಡ್ತಿದಾಳೆ ಅಂದುಕೊಂಡನಂತೆ ಹುಡುಗ. ಕೊನೆಗೆ, ‘ಕಾಗದದ ಪ್ರತಿ ಯಾರ ಹತ್ರ ಇದೆ?’ ಅಂತ ಊರೆಲ್ಲ ಕೇಳಿದ. ನಾನು ಆಗಲೇ ಮೂಟೆಯಲ್ಲಿದ್ದೆ.

ಈ ಪಕ್ಕದ ಚೀಲದಲ್ಲಿ ಒಂದು ಟ್ಯಾಬ್ ಬಿದ್ದಿದೆ ನೋಡಿ. ಯಾವುದೋ ಕೋಚಿಂಗ್ ಕಂಪನಿಯದು. ವಯಸ್ಸು ನಾಲ್ಕು. ಬ್ಯಾಟರಿ ಊದಿಕೊಂಡು ಹೊಟ್ಟೆ ಒಡೆದಿದೆ. ನನಗೆ ಗೆದ್ದಲು ಹಿಡಿದರೂ ಹದಿನಾರನೇ ಪುಟ ಹೋಗಿ ಹದಿನೇಳನೇದು ಉಳೀತದೆ. ಅವನಿಗೆ ಒಂದು ತಂತಿ ಹೋದರೆ ಎಲ್ಲ ಹೋಯಿತು. ಇನ್ನೊಂದು ವಿಷಯ. 2009ರಲ್ಲಿ ಆರ್ವೆಲ್‌ನ ‘1984’ ಕಾದಂಬರಿಯನ್ನ, ದುಡ್ಡು ಕೊಟ್ಟು ಕೊಂಡವರ ಕಿಂಡಲ್ ಒಳಗಿನಿಂದಲೇ ಅಮೆಜಾನ್ ಅಳಿಸಿಹಾಕಿತು. ಮಾರಾಟಕ್ಕೆ ಹಾಕಿದವರಿಗೆ ಹಕ್ಕು ಇರಲಿಲ್ಲ ಅಂತ ಕಾರಣ. ಹಣ ವಾಪಸ್ ಕೊಟ್ಟರು, ಸರಿ. ಆದರೆ ನಮ್ಮ ಗುಜರಿಯವರು ಬೀದಿಯಲ್ಲಿ ಕೂಗಿ, ಬಾಗಿಲಲ್ಲಿ ನಿಂತು, ‘ಕೊಡ್ತೀರಾ ಅಮ್ಮ?’ ಅಂತ ಕೇಳಿ ತಗೊಂಡು ಹೋಗ್ತಾರೆ.

ಪ್ರಶ್ನೆ: ಜನ ಈಗ ಪಿಡಿಎಫ್‌ನಲ್ಲಿ ಓದುತ್ತಾರಂತೆ.

ಪುಸ್ತಕ: ಓದ್ತಾರೆ ಅಂತ ಯಾರು ಹೇಳಿದ್ದು? ವಾಟ್ಸಾಪ್ ಗುಂಪಿಗೆ ಐನೂರು ಕಾದಂಬರಿಗಳ ಪಿಡಿಎಫ್ ಬಂದು ಬೀಳ್ತದೆ. ಮರುಕ್ಷಣ ನಲವತ್ತು ಜನ ಕೈ ಮುಗೀತಾರೆ. ಆಮೇಲೆ ಫೋನಿನಲ್ಲಿ ಜಾಗ ಸಾಲದು ಅಂತ ಮದುವೆ ವಿಡಿಯೋ ಉಳಿಸಿ ಐನೂರನ್ನೂ ಅಳಿಸ್ತಾರೆ. ಅಲ್ಲೂ ಕಪಾಟಿನದೇ ಕತೆ. ಸರ್ಕಾರದ ಡಿಜಿಟಲ್ ಗ್ರಂಥಾಲಯ 2020ರಲ್ಲಿ ಬಂತು, ನೋಂದಣಿ ಕೋಟಿ ದಾಟಿತು. ಎಷ್ಟು ಜನ ಓದಿದರು ಅಂತ ಕೇಳಬೇಡಿ, ಅದು ಖಾಸಗಿ ವಿಷಯ. ಓದದೆ ಇಟ್ಟುಕೊಳ್ಳೋದಕ್ಕೆ ಮೊದಲು ನಾನೊಬ್ಬನೇ ಇದ್ದೆ, ಈಗ ಟ್ಯಾಬಿನವನೂ ಪಾಲುದಾರ. ನಮ್ಮಿಬ್ಬರಿಗೆ ಜಗಳ ಹಚ್ಚಿ ನೋಡ್ತಿರೋರು ಯಾರು ಗೊತ್ತಾ? ಎರಡನ್ನೂ ಓದದವರು.

ಪ್ರಶ್ನೆ: ಹಿಂದೆ ಹೀಗಿರಲಿಲ್ಲವೇನೋ?

ಪುಸ್ತಕ: ಹಿಂದೆ ಅಂದ್ರೆ ಯಾವಾಗ? ಗಳಗನಾಥರು ತಮ್ಮ ಕಾದಂಬರಿಗಳನ್ನ ತಾವೇ ಹೊತ್ತು ಊರೂರು ಅಲೆದು ಮಾರಿದರು. ಆಗ ಯಾವ ಮೊಬೈಲ್ ಅಡ್ಡ ಬಂದಿತ್ತು? ಓದುಗರ ಮನೆ ಬಾಗಿಲಿಗೆ ಲೇಖಕರೇ ಹೋಗಬೇಕಾದ್ದು ನಮ್ಮ ಭಾಷೆಯ ಹಳೇ ಪದ್ಧತಿ. ಈಗಿನ ಹುಡುಗ ಹುಡುಗಿಯರು ಹೊರೆಯನ್ನ ಫೋನಿನ ತಲೆಗೆ ಕೊಟ್ಟಿದ್ದಾರೆ. ರೀಲ್ ಮಾಡ್ತಾರೆ, ವಾಟ್ಸಾಪಿನಲ್ಲಿ ಆರ್ಡರ್ ತಗೋತಾರೆ, ಬೇಕಾದಷ್ಟೇ ಪ್ರತಿ ಅಚ್ಚು ಹಾಕಿಸಿ ಅಂಚೆಗೆ ಹಾಕ್ತಾರೆ. ಕನ್ನಡ ಪುಸ್ತಕದ ಅಂಗಡಿಯೇ ಇಲ್ಲದ ಊರಿಗೂ ನನ್ನ ಕುಲದವರು ಹೋಗ್ತಿದ್ದಾರೆ. ನನ್ನ ಕಾಲಕ್ಕೆ ಈ ಫೋನ್ ಇದ್ದಿದ್ದರೆ ಎರಡನೇ ಮುದ್ರಣ ಕಾಣ್ತಿದ್ದೆನೋ ಏನೋ. ಚರ್ಚ್ ಸ್ಟ್ರೀಟಿಗೆ ಶನಿವಾರ ಸಂಜೆ ಹೋಗಿ ನೋಡಿ, ಪುಸ್ತಕದಂಗಡಿಯಲ್ಲಿ ಕಾಲಿಡೋಕೆ ಜಾಗ ಇಲ್ಲ. ಅರ್ಧ ಜನ ಪುಸ್ತಕ ಹಿಡಿದು ಫೋಟೋ ತೆಗೆಸಿಕೊಂಡು ವಾಪಸ್ ಇಡ್ತಾರೆ, ನಿಜ. ಇರಲಿ ಬಿಡಿ. ನನ್ನ ಯಜಮಾನರು ಅಷ್ಟೂ ಮಾಡಿರಲಿಲ್ಲ.

ಪ್ರಶ್ನೆ: ಮುಂದಿನ ಯೋಜನೆ?

ಪುಸ್ತಕ: ಲಾರಿ ಬರ್ತದೆ. ಕಾರ್ಖಾನೆಗೆ ಹೋಗಿ ನೀರಲ್ಲಿ ನೆನೆದು, ಅರೆದು, ರಟ್ಟಾಗ್ತೀನಿ. ಆಮೇಲೆ ಡಬ್ಬ. ನಾಳೆ ನಿಮ್ಮ ಮನೆಗೆ ಹೊಸ ಟ್ಯಾಬ್ ಬಂದರೆ ಅದನ್ನ ಹೊತ್ತು ತಂದವನು ಯಾರು ಅಂತ ಒಂದ್ಸಲ ತಿರುಗಿಸಿ ನೋಡಿ. ಡಿಜಿಟಲ್ ಯುಗಕ್ಕೆ ಕಾಗದ ಬೇಡ ಅನ್ನೋದು ಶುದ್ಧ ಸುಳ್ಳು.

ಪ್ರಶ್ನೆ: ತಮ್ಮನ್ನು ನಾನೇ ಕೊಂಡುಕೊಂಡರೆ?

ಪುಸ್ತಕ: ಓದ್ತೀರೋ, ಸಂದರ್ಶನಕ್ಕೆ ಒಂದು ಒಳ್ಳೆ ಮುಕ್ತಾಯ ಸಿಗ್ತದೆ ಅಂತಲೋ?

(ಉತ್ತರಿಸುವಷ್ಟರಲ್ಲಿ ಮಾಲೀಕರು ಬಂದರು. ತಕ್ಕಡಿಯ ಅಂಕಿ ನೋಡಿ, ಒಂದು ಕ್ಷಣ ನನ್ನ ಮುಖವನ್ನೂ ನೋಡಿ, ‘ಹತ್ತು ರೂಪಾಯಿ ಕೊಡಿ ಸಾರ್, ಚಿಲ್ಲರೆ ಇಲ್ಲ, ಸ್ಕ್ಯಾನ್ ಮಾಡಿ’ ಎಂದರು. ಮಾಡಿದೆ. ಮೇಜಿನ ಮೇಲಿದ್ದ ಪುಟ್ಟ ಪೆಟ್ಟಿಗೆ ಇಡೀ ಬೀದಿಗೆ ಕೇಳುವಂತೆ, ‘ಹತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಅಚ್ಚ ಕನ್ನಡದಲ್ಲಿ ಸಾರಿತು.)

ಪುಸ್ತಕ: ಆಹಾ! ನನ್ನ ಬೆಲೆ ಇಷ್ಟು ಗಟ್ಟಿಯಾಗಿ ಯಾವ ವಿಮರ್ಶಕನೂ ಹೇಳಿರಲಿಲ್ಲ ಸ್ವಾಮಿ.