ಅರಳಿಯ ಒಡಲ ಕಿಚ್ಚು

ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಕರ್ಪೂರ ಹಚ್ಚುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಪಕ್ಕದ ಉತ್ತರ ಪಿನಾಕಿನಿ ಹೊಳೆಯಲ್ಲಿ ನೀರಿಗೆ ಬರವಿದ್ದರೂ ಗಾಳಿಗೆ ಬರವಿಲ್ಲ. ಒಬ್ಬರು ಕಡ್ಡಿ ಗೀರಿದರೆ ಮನೆಮಂದಿಯೆಲ್ಲ ಸೆರಗು, ಟವಲ್ಲು, ಬ್ಯಾಗು ಅಡ್ಡ ಹಿಡಿಯುತ್ತಾರೆ. ಆಸ್ತಿ ಪಾಲಿಗೆ ಕೋರ್ಟು ಹತ್ತಿದ ಅಣ್ಣತಮ್ಮಂದಿರೂ ಆ ಒಂದು ನಿಮಿಷ ಭುಜಕ್ಕೆ ಭುಜ ಕೊಡುತ್ತಾರೆ. ಕಡ್ಡಿ ಹತ್ತದಿದ್ದರೂ ಬೈಗುಳ, ಹತ್ತಿ ಸೆರಗಿನತ್ತ ವಾಲಿದರೂ ಬೈಗುಳ.

ಅಸಲಿಗೆ ಬೆಂಕಿ ಇರುವುದು ಅರಳಿ ಮರದೊಳಗೇ, ಅಂದರೆ ಅಶ್ವತ್ಥದೊಳಗೇ. ಯಜ್ಞಕ್ಕೆ ಬೆಂಕಿ ಕಡೆಯುವ ಅರಣಿಗೆ ಅಶ್ವತ್ಥದ ಕಟ್ಟಿಗೆ ಬೇಕು. ಬನ್ನಿಯ ಮೇಲೆ ಹುಟ್ಟಿ ಬೆಳೆದ ಅಶ್ವತ್ಥವಾದರೆ ಇನ್ನೂ ಶ್ರೇಷ್ಠ. ಕೆಳಗಿನ ಹಲಗೆಯ ಕುಳಿಯಲ್ಲಿ ಕೋಲು ನಿಲ್ಲಿಸಿ, ಹಗ್ಗ ಸುತ್ತಿ, ಮಜ್ಜಿಗೆಯಂತೆ ಕಡೆಯಬೇಕು. ಮೊದಲು ಕಪ್ಪು ಪುಡಿ, ಆಮೇಲೆ ಹೊಗೆ, ಕಡೆದವನ ರಟ್ಟೆ ಸೋತ ಮೇಲೆ ಕಿಡಿ.

ಇಲ್ಲಿನ ಅಶ್ವತ್ಥ ನೆಟ್ಟವನೆನ್ನುವ ವಿದುರನ ಮೂಗಿಗಂತೂ ಸುಟ್ಟ ವಾಸನೆ ಎಲ್ಲರಿಗಿಂತ ಮೊದಲು ಬಡಿಯುತ್ತಿತ್ತು. ಪಾಂಡವರು ವಾರಣಾವತಕ್ಕೆ ಹೊರಟಾಗ ಧರ್ಮರಾಯನಿಗೆ ಮಾತ್ರ ತಿಳಿಯುವಂತೆ ಸುತ್ತುಬಳಸಿ ಹೇಳಿದ: ಕಾಡು ಉರಿದರೂ ಬಿಲ ಸೇರಿದವನು ಸುಡುವುದಿಲ್ಲ. ಅಷ್ಟಕ್ಕೇ ಸುಮ್ಮನಾಗದೆ, ಅರಗಿನ ಮನೆಗೆ ಸುರಂಗ ತೋಡುವವನನ್ನೂ ಕಳಿಸಿದ. ನಮ್ಮ ನೆಂಟರಲ್ಲಿ ಎಚ್ಚರಿಕೆ ಹೇಳುವವರಿಗೇನೂ ಕೊರತೆಯಿಲ್ಲ. ಹಾರೆ ಹಿಡಿದ ಆಳನ್ನು ಕಳಿಸುವವರನ್ನು ನಾನಿನ್ನೂ ಕಾಣಬೇಕು.

ಸೋಜಿಗ ನಾಗಗಳದು. ಖಾಂಡವವನದಲ್ಲಿ ಬೆಂದವರು, ಜನಮೇಜಯನ ಯಾಗದಲ್ಲಿ ಕುಂಡಕ್ಕೆ ಉದುರಿದವರು. ಅವರೇ ಸಾವಿರಾರು ಕಲ್ಲುಗಳಾಗಿ ಬೆಂಕಿ ಹೊತ್ತ ಮರದ ಬುಡಕ್ಕೇ ಬಂದು ಹೆಡೆಯೆತ್ತಿದ್ದಾರೆ. ಮದುವೆಗೆಂದು, ಮಕ್ಕಳಿಗೆಂದು ಹರಕೆ ಹೊತ್ತವರು ನಿಲ್ಲಿಸಿದ ಕಲ್ಲುಗಳು. ಅರಿಶಿನ ಕುಂಕುಮ ಮೆತ್ತಿ ಮೆತ್ತಿ ಕೆಲವುಗಳ ಸುರುಳಿಯೇ ಮುಚ್ಚಿಹೋಗಿದೆ. ಹಳೆಯ ಮರ ಉರುಳಿ ವರ್ಷಗಳಾದವು. ನಾಗಪ್ಪಂದಿರು ಜಾಗ ಬಿಟ್ಟಿಲ್ಲ.

1938ರ ಏಪ್ರಿಲ್ 25ರಂದು ಇಲ್ಲಿ ಹೊತ್ತಿದ್ದು ಬೇರೆ ಬೆಂಕಿ. ಮದ್ದೂರಿನ ಶಿವಪುರದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಿ ಎರಡು ವಾರವಾಗಿತ್ತು. ಇಲ್ಲೂ ಹಾರಿಸಬೇಕೆಂದು ನಿಷೇಧಾಜ್ಞೆ ಮೀರಿ ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರ ಲೆಕ್ಕ ಸರ್ಕಾರದ್ದೊಂದು, ಜನರದ್ದೊಂದು. ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂಬ ಹೆಸರು ಈ ಊರಿಗೆ ಅಂಟಿಕೊಂಡಿತು. ಅವತ್ತು ಯಾರೂ ಸುರಂಗ ತೋಡಿಟ್ಟಿರಲಿಲ್ಲ. ಮೈಸೂರು ಸಂಸ್ಥಾನದ ಬಾವುಟದ ಜೊತೆ ಅದೇ ಕಾಂಗ್ರೆಸ್ ಬಾವುಟ ಹಾರಿಸಬಹುದೆಂದು ದಿವಾನ್ ಮಿರ್ಜಾ ಮತ್ತು ಕಾಂಗ್ರೆಸ್ಸಿನ ಪಟೇಲರ ನಡುವೆ ಒಪ್ಪಂದವಾಯಿತು, ಕೆಲವೇ ವಾರಗಳಲ್ಲಿ. ಆ ಕೆಲವು ವಾರ ಮೊದಲೇ ಬುದ್ಧಿ ಬಂದಿದ್ದರೆ ಎಂದು ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ಅಲ್ಲಿ ವೀರಸೌಧವಿದೆ, ಗೋಡೆ ತುಂಬ ಸ್ವಾತಂತ್ರ್ಯ ಹೋರಾಟದ ಚಿತ್ರಗಳು. ನಾಗಪ್ಪನಿಗೆ ಹಾಲೆರೆದು ಬಂದವರು ಕಾಯಿಹೋಳು ಕಚ್ಚಿಕೊಂಡೇ ನೋಡುತ್ತ ನಡೆಯುತ್ತಾರೆ.

“ಬಾವುಟ ಕಟ್ಟಿದ್ದಕ್ಕೆ ಗುಂಡು ಹೊಡೆದ್ರಾ, ಅಪ್ಪ?”

“ಹೂಂ. ನಡಿ, ಗೌರಿಬಿದನೂರು ಬಸ್ಸು ಬಂತು.”

“ಹೊಡೆದೋರಿಗೆ ಆಮೇಲೆ ಏನು ಮಾಡಿದ್ರು?”

ಅಪ್ಪ ಬಸ್ಸು ಹತ್ತಿ ಕಿಟಕಿ ಪಕ್ಕದ ಸೀಟಿಗೆ ಟವಲ್ಲು ಎಸೆದಾಗಿತ್ತು.